ಥರ್ಟಿ-ಫಾರ್ಟಿ ಸೈಟಿಗೆ ಒಂದು ಅರೋಕೇರಿಯಾ: ಸಿದ್ದಾಪುರದ ನರ್ಸರಿಯ ರಿವ್ಯೂ

ದೊಡ್ಡ ಗಿಡ ಕೇಳಿಕೊಂಡು ಬಂದ ಗಿರಾಕಿಗೆ ಚಿಕ್ಕದೇ ಸಾಕು ಎನ್ನುವ ಅಂಗಡಿಯವರು ಅಪರೂಪ, ಅಲ್ವಾ? ಬೆಂಗಳೂರಿನ ಸಿದ್ದಾಪುರದಲ್ಲಿ ಅಂಥವರೊಬ್ಬರಿದ್ದಾರೆ. ಅವರ ನರ್ಸರಿ, ಅವರು ಕೊಟ್ಟ ಅರೋಕೇರಿಯಾ (ನಮ್ಮಲ್ಲಿ ಕ್ರಿಸ್ಮಸ್ ಟ್ರೀ ಎಂದು ಮಾರುವ, ಪೈನಿನಂತೆ ಕಾಣುವ ಗಿಡ), ಆಮೇಲೆ ಅವರು ಮನೆಗೆ ಕಳಿಸಿದ ಮಾಲಿಯ ಕೆಲಸ, ಮೂರರ ಬಗ್ಗೆಯೂ ಈ ರಿವ್ಯೂ. ಗಿಡ ತಂದಿದ್ದು 2023ರ ಮಳೆಗಾಲದ ಕೊನೆಯಲ್ಲಿ. 2024ರ ಆ ಕೆಟ್ಟ ಬೇಸಿಗೆಯನ್ನೂ ದಾಟಿ ನಿಂತಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ನಮ್ಮದು ಶ್ರೀನಗರದಲ್ಲಿ ಥರ್ಟಿ-ಫಾರ್ಟಿ ಸೈಟು. ಕೆಳಗೆ ಬಾಡಿಗೆಯವರು, ಮೇಲೆ ನಾವು, ಅದರ ಮೇಲೆ ಟೆರೇಸು. ಗೇಟಿನ ಒಳಗೆ ಬಿಟ್ಟಿರುವ ಜಾಗದಲ್ಲಿ ಒಂದು ಸ್ಕೂಟರು, ಒಂದು ಕರಿಬೇವಿನ ಗಿಡ, ಅತ್ತೆಯ ತುಳಸಿ ಕಟ್ಟೆ. ಅಲ್ಲಿಗೆ ಜಾಗ ಮುಗಿಯಿತು. ನಮ್ಮನೆಯವರು ವೈಟ್‌ಫೀಲ್ಡಿನಲ್ಲಿ ಯಾರದೋ ವಿಲ್ಲಾದ ಮುಂದೆ ಒಂದು ಪೈನ್ ಮರ ನೋಡಿ ಬಂದಿದ್ದರು. ನಮ್ಮ ಗೇಟಿನ ಪಕ್ಕವೂ ಒಂದು ನೆಟ್ಟರೆ ಮನೆಗೆ ಒಂದು ಲುಕ್ ಬರುತ್ತದೆ ಎನ್ನುವುದು ಅವರ ವಾದ. ಲುಕ್ಕು ಅವರಿಗೆ, ನೀರು ಹಾಕುವುದು ನನಗೆ.

ಮೊದಲು ಅವರೇ ಮೊಬೈಲಿನಲ್ಲಿ ಆರ್ಡರ್ ಮಾಡಿದರು. ಯಾವ ಆಪ್ ಎಂದು ಬರೆಯುವುದಿಲ್ಲ, ಈ ಕಥೆ ಎಲ್ಲ ಆಪಿನಲ್ಲೂ ನಡೆಯಬಹುದು. ₹899. ಫೋಟೋದಲ್ಲಿ ಸೊಂಪಾದ ಗಿಡ. ಬಂದದ್ದು ಉದ್ದನೆಯ ರಟ್ಟಿನ ಡಬ್ಬಿ. ಗಿಡಕ್ಕಿಂತ ಡಬ್ಬಿ ಅರ್ಧ ಇಂಚು ಚಿಕ್ಕದಿತ್ತು ಅಂತ ಕಾಣುತ್ತದೆ, ಮೇಲಿನ ಕುಡಿ ಮಡಚಿ ಮುರಿದು ಒಣಗಿ ನೇತಾಡುತ್ತಿತ್ತು. ಫೋಟೋ ತೆಗೆದು ಕಳಿಸಿದೆವು. ಎಲೆ ಹಸಿರಾಗಿದೆ, ಗಿಡ ಜೀವಂತವಾಗಿದೆ, ಹಾಗಾಗಿ ಇದು ಡ್ಯಾಮೇಜ್ ಅಲ್ಲ ಎಂದು ಉತ್ತರ ಬಂತು. ಪಕ್ಕದಿಂದ ಚಿಗುರುತ್ತದೆ, ಕಾಯಿರಿ ಎಂದೂ ಹೇಳಿದರು. ಮಲ್ಲಿಗೆಗೆ, ದಾಸವಾಳಕ್ಕೆ ಆ ಮಾತು ಸರಿ. ಈ ಗಿಡಕ್ಕೆ ಅಲ್ಲ. ಅದು ಯಾಕೆ ಎಂದು ನನಗೆ ಬಿಡಿಸಿ ಹೇಳಿದ್ದು ಸಿದ್ದಾಪುರದ ಯಜಮಾನರು.

ಸಿದ್ದಾಪುರಕ್ಕೆ ಹೋಗದವರಿಗೆ ಒಂದೆರಡು ಮಾತು. ಜಯನಗರ ಒಂದನೇ ಬ್ಲಾಕಿನ ಹತ್ತಿರ, ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಆಚೆ, ನರ್ಸರಿಗಳೇ ಸಾಲಾಗಿವೆ. ಬಿಸಿಲು ಕಾಣದಂತೆ ಮೇಲೆ ಹಸಿರು ಶೇಡ್‌ನೆಟ್ಟಿನ ಪರದೆ, ಕೆಳಗೆ ಒದ್ದೆ ಮಣ್ಣು, ಕಾಲಿಗೆ ಸಿಗುವ ಪೈಪು. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಆ ಆಸೆ ಬಿಡಿ. ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದು, ವೆಸ್ಟ್ ಗೇಟಿನಲ್ಲಿ ಟಿಕೆಟ್ ತೆಗೆದುಕೊಂಡು, ತೋಟದ ಒಳಗೇ ನಡೆದು ಆಚೆ ಗೇಟಿನಲ್ಲಿ ಹೊರಗೆ ಬಂದರೆ ಸುಖ. ದಾರಿಯಲ್ಲಿ ಹಳೆಯ ಅರೋಕೇರಿಯಾ ಮರಗಳನ್ನೂ ನೋಡಿದ ಹಾಗಾಗುತ್ತದೆ. ಕೊಳ್ಳುವ ಮೊದಲು ಅವುಗಳ ಎತ್ತರ ನೋಡುವುದು ಒಳ್ಳೆಯದೇ.

ನಾನು ಹೇಳುತ್ತಿರುವ ನರ್ಸರಿಯ ಬೋರ್ಡಿನಲ್ಲಿ ಬಣ್ಣ ಉಳಿದಿಲ್ಲ, ಹೆಸರು ಓದಲು ಆಗುವುದಿಲ್ಲ. ಮುಂದೆ ನೀಲಿ ಡ್ರಮ್ಮುಗಳ ಸಾಲು, ಒಳಗೆ ಹೋದರೆ ಕಸಿ ಮಾವಿನ ಸಸಿಗಳು, ಅದರ ಹಿಂದೆ ಅರೋಕೇರಿಯಾಗಳು. ಯಜಮಾನರಿಗೆ ಅರವತ್ತರ ಆಸುಪಾಸು. ಮಾತು ಕಡಿಮೆ. ನಾನು ಒಂದು ಆರಡಿ ಗಿಡದ ಮುಂದೆ ನಿಂತು ರೇಟು ಕೇಳಿದೆ. ಅವರು ರೇಟು ಹೇಳಲಿಲ್ಲ.

"ಸೈಟ್ ಎಷ್ಟಮ್ಮ?"

"ಥರ್ಟಿ ಫಾರ್ಟಿ ಅಣ್ಣ."

"ಎಲ್ಲಿ ಹಾಕ್ತೀರ?"

"ಗೇಟ್ ಪಕ್ಕ. ನೆಲಕ್ಕೆ."

"ಮೇಲೆ ಕರೆಂಟ್ ವೈರ್ ಇದೆಯಾ?"

"ಇದೆ."

"ಹಂಗಾದ್ರೆ ಬೇಡ. ಎರಡಡಿದು ತಗೊಂಡು ಪಾಟಲ್ಲಿ ಇಟ್ಕೊಳ್ಳಿ. ಇದು ನಿಮಗಲ್ಲ."

ಆರಡಿ ಗಿಡಕ್ಕೆ ಅವರ ರೇಟು ₹3,500 ಎಂದು ಆಮೇಲೆ ಗೊತ್ತಾಯಿತು. ನಾನು ಕೊಟ್ಟು ಬಂದದ್ದು ₹450. ವ್ಯಾಪಾರದ ಲೆಕ್ಕದಲ್ಲಿ ಅವರಿಗೆ ಅವತ್ತು ನಷ್ಟವೇ.

ಅವರು ಬೇಡ ಎಂದದ್ದು ಯಾಕೆ ಸರಿ ಎಂದರೆ, ಈ ಮರ ತನ್ನ ಊರಿನಲ್ಲಿ 50 ಮೀಟರ್ ದಾಟಿ ಬೆಳೆಯುತ್ತದೆ. ನಮ್ಮಲ್ಲಿ ಅಷ್ಟು ಹೋಗದಿದ್ದರೂ ನೆಲಕ್ಕಿಟ್ಟರೆ ಮೂರಂತಸ್ತಿನ ಮನೆಯನ್ನು ಆರಾಮಾಗಿ ಮೀರಿಸುತ್ತದೆ. ವೈರಿಗೆ ತಾಗುತ್ತದೆ ಎಂದು ತಲೆ ಕತ್ತರಿಸಿದರೆ ಮರದ ಆಕಾರ ಅಲ್ಲಿಗೆ ಕೆಟ್ಟಿತು. ಪೂರ್ತಿ ತೆಗೆಸೋಣ ಎಂದರೆ ಅದೂ ಸಲೀಸಲ್ಲ. ನಮ್ಮ ಕಾಂಪೌಂಡಿನ ಒಳಗಿನ ಮರವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು ಮಿಕ್ಕಿದ್ದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮೇ ತಿಂಗಳ ಗಾಳಿಮಳೆಗೆ ನಮ್ಮ ಊರಿನಲ್ಲಿ ಮರಗಳು ಕಾರಿನ ಮೇಲೆ ಬೀಳುವುದನ್ನು ಪ್ರತಿವರ್ಷ ಪೇಪರಿನಲ್ಲಿ ನೋಡುತ್ತೇವೆ. ನಾಲ್ಕಡಿ ಜಾಗದಲ್ಲಿ ಇದನ್ನು ನೆಟ್ಟವರು ಮಕ್ಕಳಿಗೆ ತಲೆನೋವು ಬರೆದಿಟ್ಟ ಹಾಗೇ. ವಿಲ್ಲಾದವರ ಮಾತು ಬೇರೆ.

ಗಿಡ ಆರಿಸುವಾಗ ಅವರು ಮಾಡಿದ್ದನ್ನು ನೀವು ಯಾವ ನರ್ಸರಿಯಲ್ಲಾದರೂ ಮಾಡಬಹುದು. ಕವರಿನಲ್ಲಿದ್ದ ಗಿಡಗಳನ್ನು ಒಂದೊಂದಾಗಿ ಬಿಸಿಲಿಗೆ ಎಳೆದು ತಂದರು. ಮೊದಲು ಆಧಾರಕ್ಕೆ ಕಟ್ಟಿದ್ದ ಬಿದಿರು ಕಡ್ಡಿಯ ದಾರ ಬಿಚ್ಚಿದರು. ಒಂದು ಗಿಡ ಅಲ್ಲೇ ಪಕ್ಕಕ್ಕೆ ಬಾಗಿತು, ಅದನ್ನು ಕಾಲಲ್ಲೇ ಹಿಂದಕ್ಕೆ ತಳ್ಳಿದರು. ಆಮೇಲೆ ಬುಡದ ಮಣ್ಣು ಕೆದಕಿ ಒಂದೇ ಕಾಂಡ ಇದೆಯಾ ನೋಡಿದರು. ಸೊಂಪಾಗಿ ಕಾಣಲಿ ಎಂದು ಮೂರು ನಾಲ್ಕು ಸಸಿಗಳನ್ನು ಒಂದೇ ಪಾಟಿನಲ್ಲಿ ಹಾಕಿ ಮಾರುವುದು ಈ ಗಿಡದಲ್ಲಿ ಮಾಮೂಲಿ. ಮನೆಗೆ ತಂದ ಮೇಲೆ ಅವು ಬೇರು ಬೇರು ಹೆಣೆದುಕೊಂಡು ಒಂದಕ್ಕೂ ನೆಮ್ಮದಿ ಇರುವುದಿಲ್ಲ. ಬಿಡಿಸಲು ಹೋದರೆ ಬೇರು ಹರಿಯುತ್ತದೆ.

ನಂತರ ಸ್ಟೆಪ್ಪುಗಳು. ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಕೊಂಬೆಗಳು ಹೊರಡುತ್ತವಲ್ಲ, ಅದಕ್ಕೆ ನರ್ಸರಿಯವರು ಸ್ಟೆಪ್ ಎನ್ನುತ್ತಾರೆ. ನೆಟ್ಟಿನ ಕೆಳಗೆ ಕತ್ತಲಲ್ಲಿ ಬೆಳೆಸಿದ ಗಿಡದಲ್ಲಿ ಒಂದು ಸ್ಟೆಪ್ಪಿಂದ ಇನ್ನೊಂದಕ್ಕೆ ಅಂತರ ಜಾಸ್ತಿ. ಎತ್ತರ ಕಾಣುತ್ತದೆ, ಕಾಸೂ ಜಾಸ್ತಿ ಕೇಳುತ್ತಾರೆ, ಆದರೆ ಆ ಅಂತರ ಆಮೇಲೆ ತುಂಬುವುದಿಲ್ಲ. ನನಗೆ ಕೊಟ್ಟದ್ದು ಗಿಡ್ಡ, ಸ್ಟೆಪ್ಪುಗಳು ಒತ್ತೊತ್ತಾಗಿದ್ದವು. ಕೆಳಗಿನ ಸ್ಟೆಪ್ಪು ಪೂರ್ತಿ ಇತ್ತು. ಅದು ಮುಖ್ಯ. ಈ ಮರದಲ್ಲಿ ಕೆಳಗಿನ ಕೊಂಬೆ ಒಣಗಿ ಬಿದ್ದರೆ ಮತ್ತೆ ಅಲ್ಲಿ ಚಿಗುರುವುದಿಲ್ಲ. "ದೊಡ್ಡವರ ಹಲ್ಲು ಬಿದ್ದಂಗೆ, ಎರಡನೇ ಸಲ ಬರಲ್ಲ" ಎಂದರು.

ಕೊನೆಗೆ ಕುಡಿ. ಇದಕ್ಕೆ ಅವರು ಜಾಸ್ತಿ ಹೊತ್ತು ತೆಗೆದುಕೊಂಡರು. ಬೆರಳ ತುದಿಯಿಂದ ಮುಟ್ಟಿ, ಬಗ್ಗಿ ನೋಡಿ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ. ಕುಡಿ ತಿಳಿ ಹಸಿರಾಗಿ ಮೆತ್ತಗಿರಬೇಕು, ಸುತ್ತ ಬರುವ ಹೊಸ ಕೊಂಬೆಗಳ ಮೊಗ್ಗು ಸಣ್ಣ ಮುಳ್ಳಿನ ಗಂಟಿನಂತೆ ಕಾಣಬೇಕು. ಕಂದು ಬಣ್ಣ ತಿರುಗಿದ್ದರೆ ಬೇಡ. ಮೇಲಕ್ಕೆ ಬೆಳೆಯುವುದು ಆ ಒಂದು ಕುಡಿ ಮಾತ್ರ. ಪಕ್ಕದ ಕೊಂಬೆಗೆ ಮೇಲೇಳುವುದು ಗೊತ್ತೇ ಇಲ್ಲ. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟು ಬೇರು ಬರಿಸಿದರೂ ಅದು ಜೀವನಪೂರ್ತಿ ಅಡ್ಡಡ್ಡವೇ ಹರಡುತ್ತದೆ, ಮರವಾಗುವುದಿಲ್ಲ. ಕುಡಿ ಮುರಿದರೆ ಕಾಂಡದಿಂದ ಹೊಸದು ಬಂದರೆ ಬರಬಹುದು. ಬಂದಾಗ ಒಂದರ ಬದಲು ಎರಡು ಮೂರು ಬಂದು, ಯಾವುದು ಯಜಮಾನ ಎಂದು ತೀರ್ಮಾನವಾಗದೆ ಮರ ಕವಲೊಡೆಯುತ್ತದೆ. ಆಪಿನವರು ಕಳಿಸಿದ್ದು ಈಗ ಹಾಗೇ ಆಗಿದೆ. ಎಸೆಯಲು ಮನಸ್ಸಿಲ್ಲದೆ ಟೆರೇಸಿನ ಮೂಲೆಯಲ್ಲಿ ಇಟ್ಟಿದ್ದೇನೆ, ಎರಡು ತಲೆ.

ಹಾಗಾಗಿ ನನ್ನ ಒಂದೇ ಸಲಹೆ: ಈ ಗಿಡದಲ್ಲಿ ನೀವು ದುಡ್ಡು ಕೊಡುವುದು ಎತ್ತರಕ್ಕಲ್ಲ, ಕುಡಿಗೆ. ಮನೆಗೆ ತರುವಾಗಲೂ ಆಟೋದೊಳಗೆ ಬಗ್ಗಿಸಿ ತುರುಕಬೇಡಿ. ಯಜಮಾನರು ಹಳೇ ನ್ಯೂಸ್‌ಪೇಪರನ್ನು ಕೊಳವೆ ಮಾಡಿ ಕುಡಿಗೆ ಟೋಪಿಯ ಹಾಗೆ ಹಾಕಿ ಕಳಿಸಿದರು. ಆಪಿನವರಿಗೆ ಇಷ್ಟು ಹೊಳೆದಿದ್ದರೆ ಸಾಕಾಗಿತ್ತು.

ಇಷ್ಟಕ್ಕೂ ಇದು ಪೈನ್ ಜಾತಿಯೇ ಅಲ್ಲ. ಅರೋಕೇರಿಯಾದ್ದು ಬೇರೆಯದೇ ಕುಟುಂಬ, ಡೈನೋಸಾರ್‌ಗಳ ಕಾಲದಿಂದ ಇದೆ. ಇದು ಕೇಳಿದ ಮೇಲೆ ನನ್ನ ಮಗ ಗಿಡಕ್ಕೆ ಒಂದು ಪ್ಲಾಸ್ಟಿಕ್ ಡೈನೋಸಾರ್ ಕಾವಲು ಇಟ್ಟಿದ್ದಾನೆ. ನಮ್ಮಲ್ಲಿ ಕ್ರಿಸ್ಮಸ್ ಟ್ರೀ ಎಂದು ಮಾರುವುದರಲ್ಲಿ ಎರಡು ಜಾತಿಗಳಿವೆ. ಒಂದು ನಾರ್ಫೋಕ್ ದ್ವೀಪದ್ದು, ಇನ್ನೊಂದು ನ್ಯೂ ಕ್ಯಾಲೆಡೋನಿಯಾದ್ದು. ಎರಡೂ ಭೂಮಧ್ಯರೇಖೆಯ ಆ ಕಡೆಯವು. ಕ್ಯಾಪ್ಟನ್ ಜೇಮ್ಸ್ ಕುಕ್ 1774ರಲ್ಲಿ ಎರಡೂ ಕಡೆ ಹೋಗಿದ್ದ. ನಾರ್ಫೋಕ್‌ನ ನೆಟ್ಟನೆ ಮರಗಳನ್ನು ನೋಡಿ ಹಡಗಿನ ಪಟಸ್ತಂಭಕ್ಕೆ ಆಗುತ್ತದೆ ಅಂದುಕೊಂಡಿದ್ದರಂತೆ, ಆಮೇಲೆ ನೋಡಿದರೆ ಮರ ಅದಕ್ಕೆ ಬರಲಿಲ್ಲ. ನ್ಯೂ ಕ್ಯಾಲೆಡೋನಿಯಾದ್ದಕ್ಕೆ ಕುಕ್ ಪೈನ್ ಎಂದೇ ಹೆಸರು. ಚಿಕ್ಕದಿದ್ದಾಗ ಎರಡೂ ಒಂದೇ ಥರ, ನರ್ಸರಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಬೆಳೆದ ಮೇಲೆ ನಾರ್ಫೋಕ್‌ನದ್ದು ಅಗಲವಾಗಿ ಗೋಪುರದಂತೆ ನಿಲ್ಲುತ್ತದೆ, ಕುಕ್‌ನದ್ದು ಸಪೂರ ಕಂಬ.

ಕುಕ್ ಪೈನಿನ ಇನ್ನೊಂದು ತಮಾಷೆ: ಅದು ವಾಲುತ್ತದೆ. ಅದೂ ಸುಮ್ನೆ ಎಲ್ಲಿಗೋ ಅಲ್ಲ, ಭೂಮಧ್ಯರೇಖೆಯ ಕಡೆಗೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಐದು ಖಂಡಗಳಲ್ಲಿ 256 ಮರಗಳನ್ನು ಅಳೆದಿದ್ದರು. ಸರಾಸರಿ ವಾಲು 8.55 ಡಿಗ್ರಿ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವಾಲು ಜಾಸ್ತಿ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಹಾಗಾಗಿ ಇಲ್ಲಿ ಕಡಿಮೆ ಇರಬೇಕು, ಇದ್ದರೆ ದಕ್ಷಿಣಕ್ಕೆ. ಲಾಲ್‌ಬಾಗಿನಲ್ಲಿ ನಡೆಯುವಾಗ ಸಪೂರವಾದ ಎತ್ತರದ ಅರೋಕೇರಿಯಾ ಕಂಡರೆ ಸ್ವಲ್ಪ ದೂರ ನಿಂತು ನೋಡಿ.

"ನಮಗೆ ನಿಜವಾದ ಪೈನೇ ಬೇಕು" ಎನ್ನುವವರೂ ಇರುತ್ತಾರೆ. ಸೂಜಿ ಎಲೆಗಳು ಎರಡು, ಮೂರು ಅಥವಾ ಐದರ ಗೊಂಚಲಾಗಿ ಹೊರಟರೆ ಅದು ನಿಜವಾದ ಪೈನು. ಹಿಮಾಲಯದ ಚೀರ್ ಪೈನಿನಲ್ಲಿ ಮೂರು, ಬೋನ್ಸಾಯ್‌ನವರು ಬೆಳೆಸುವ ಜಪಾನಿನ ಕಪ್ಪು ಪೈನಿನಲ್ಲಿ ಎರಡು. ಸಿದ್ದಾಪುರದಲ್ಲಿ ಕಪ್ಪು ಪೈನಿನ ಒಂದು ಬೋನ್ಸಾಯ್ ಇತ್ತು. ರೇಟು ಕೇಳಿ ತಟ್ಟೆಯಿಂದ ಕೈ ತೆಗೆದೆ. ಅದರ ಕೆಲಸವೂ ಜಾಸ್ತಿ. ಚಿಗುರು ಮೇಣದಬತ್ತಿಯಂತೆ ಎದ್ದಾಗ ಕಾಲ ನೋಡಿ ಚಿವುಟಬೇಕು. ಎಲೆಯೇ ಇಲ್ಲದ ಹಳೆಯ ಕೊಂಬೆಗೆ ಕತ್ತರಿ ಹಾಕಿದರೆ ಅದು ಮತ್ತೆ ಚಿಗುರುವುದು ಅನುಮಾನ. ಬೇರಿಗೆ ಒಂದು ಜಾತಿಯ ಶಿಲೀಂಧ್ರದ ಜೊತೆ ಬೇಕು, ಅದಿಲ್ಲದ ಮಣ್ಣಿನಲ್ಲಿ ಸೊರಗುತ್ತದೆ. ಬಿಸಿ ನಾಡುಗಳಲ್ಲಿ ಪೈನ್ ತೋಪು ಮಾಡಲು ಹೋದವರು ಹಳೆಯ ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲೇ ಸಸಿಗಳು ಎದ್ದದ್ದು. ಆನ್‌ಲೈನಿನಲ್ಲಿ ಪೈನ್ ಬೀಜದ ಪೊಟ್ಟಣ ಅಗ್ಗಕ್ಕೆ ಸಿಗುತ್ತವೆ. ಕಪ್ಪು ಪೈನಿನಂಥ ಚಳಿ ನಾಡಿನ ಬೀಜವನ್ನು ಬಿತ್ತುವ ಮೊದಲು ಒದ್ದೆ ಮರಳಲ್ಲಿ ಹಾಕಿ ಕೆಲವು ವಾರ ಫ್ರಿಜ್ಜಿನಲ್ಲಿ ಇಟ್ಟರೆ ಚೆನ್ನಾಗಿ ಮೊಳೆಯುತ್ತದೆ, ಪೊಟ್ಟಣದ ಮೇಲೆ ಅದನ್ನು ಬರೆದಿರುವುದಿಲ್ಲ. ಹವ್ಯಾಸ ಇದ್ದವರು ಮಾಡಲಿ. ಆಫೀಸು, ಅಡುಗೆ, ಮಗನ ಹೋಮ್‌ವರ್ಕ್ ಇರುವ ನನಗೆ ಅರೋಕೇರಿಯಾ ಸಾಕು.

ಈಗ ಆರೈಕೆ. ಪಾಟು ನಮ್ಮದು 14 ಇಂಚಿನ ಮಣ್ಣಿನದು. ಮಾಲಿ ಬಂದು ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಕೊಕೊಪೀಟ್, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದ. ಪೂರ್ತಿ ಕೊಕೊಪೀಟಿನಲ್ಲಿ ಇಡಬೇಡಿ. ನೀರು ಹಿಡಿದುಕೊಂಡು ಬೇರು ಕೊಳೆಯುತ್ತದೆ, ಮೇಲೆ ಗಾಳಿಗೆ ಪಾಟೇ ಮಗುಚುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಸೈಜು ದೊಡ್ಡ ಪಾಟಿಗೆ ಹಾಕಿದರೆ ಸಾಕು. ಪಾಟಿನಲ್ಲಿ ಇದು ನಿಧಾನದ ಗಿಡ, ನಮ್ಮದು ವರ್ಷಕ್ಕೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ.

ತಂದ ತಕ್ಷಣ ಟೆರೇಸಿನ ಉರಿಬಿಸಿಲಿಗೆ ಇಡಬಾರದು. ನೆಟ್ಟಿನ ಕೆಳಗಿದ್ದದ್ದು, ಎಲೆ ಸುಟ್ಟು ಕಂದಾಗುತ್ತದೆ. ಒಂದೆರಡು ವಾರ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು ಆಮೇಲೆ ಮೇಲೆ ಏರಿಸಿದೆ. ಹಾಲಿನ ಮೂಲೆಯಲ್ಲಿ ಶೋಪೀಸ್ ಮಾಡಿ ಇಡುವವರಿಗೆ ನಿರಾಸೆ ಗ್ಯಾರಂಟಿ. ಬೆಳಕು ಸಾಲದೆ ಕೊಂಬೆಗಳು ಜೋತುಬಿದ್ದು, ಕೆಳಗಿನಿಂದ ಒಂದೊಂದೇ ಸ್ಟೆಪ್ ಒಣಗುತ್ತಾ ಬರುತ್ತದೆ. ಬೆಳಕಿನ ಕಡೆ ವಾಲುವ ಗಿಡ, ಹಾಗಾಗಿ ಪಾಟನ್ನು ಆಗಾಗ ಕಾಲು ಸುತ್ತು ತಿರುಗಿಸಬೇಕು. ನಮ್ಮ ಅತ್ತೆ ಅದನ್ನು ವಾರದ ಪೂಜೆಯ ಜೊತೆ ಸೇರಿಸಿಕೊಂಡಿದ್ದಾರೆ. ಶುಕ್ರವಾರ ತುಳಸಿಗೆ ಪ್ರದಕ್ಷಿಣೆ ಹಾಕಿ ಮೇಲೆ ಹೋಗಿ ಇದನ್ನು ತಿರುಗಿಸಿ ಬರುತ್ತಾರೆ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬೆರಳು ಒಂದು ಇಂಚು ಒಳಗೆ ಹಾಕಿ, ಒಣಗಿದ್ದರೆ ಮಾತ್ರ ನೀರು. ಹಾಕಿದರೆ ಕೆಳಗಿನ ತೂತಿನಿಂದ ಹರಿಯುವಷ್ಟು. ತಟ್ಟೆಯಲ್ಲಿ ನೀರು ನಿಲ್ಲಬಾರದು. ನಮ್ಮದು ಬೋರ್‌ವೆಲ್ ನೀರು, ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಂಥದ್ದು. ಅದನ್ನೇ ಹಾಕುತ್ತಾ ಹೋದರೆ ಮಣ್ಣಿನ ಮೇಲೂ ಬಿಳಿ ಕಟ್ಟುತ್ತದೆ, ಎಲೆ ಹಳದಿಗೆ ತಿರುಗುತ್ತದೆ. ಕಾವೇರಿ ನೀರು ಬರುವ ದಿನ ಒಂದು ಡ್ರಮ್ಮು ಹಿಡಿದಿಡುತ್ತಿದ್ದೆವು. 2024ರ ಮಾರ್ಚಿನಲ್ಲಿ ಅದಕ್ಕೂ ಕುತ್ತು ಬಂತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಗಾಡಿ ತೊಳೆದರೆ ₹5,000 ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂತೆಂದರೆ ಜಗಳ. ಆ ಬೇಸಿಗೆ ಪೂರ್ತಿ ಈ ಗಿಡ ಬದುಕಿದ್ದು ಅಕ್ಕಿ ಬೇಳೆ ತೊಳೆದ ನೀರಿನಲ್ಲಿ, ಕೆಳಗಿನ ಮನೆಯವರ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ. ಪಾಟಿನ ಮೇಲೆ ತೆಂಗಿನ ನಾರು ಮುಚ್ಚಿ, ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯ ಪರದೆ ಕಟ್ಟಿದ್ದೆ. ದಾಸವಾಳ ಎರಡು ಹೋದವು. ಇದು ಒಂದು ಸ್ಟೆಪ್ಪನ್ನೂ ಕಳೆದುಕೊಳ್ಳಲಿಲ್ಲ. ಗಟ್ಟಿ ಗಿಡ ಎಂದು ನನಗೆ ಗೌರವ ಬಂದದ್ದು ಆಗ. ಆರ್‌ಒ ಫಿಲ್ಟರಿನಿಂದ ಆಚೆ ಹೋಗುವ ನೀರು ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಬೇಸಿಗೆಯ ಒಣ ಗಾಳಿಯಲ್ಲಿ ನುಸಿ ಬರುತ್ತದೆ. ಸೂಜಿ ಎಲೆಗಳ ನಡುವೆ ಬಲು ಸಣ್ಣ ಬಲೆ, ಎಲೆಗೆ ಬೂದಿ ಬಣ್ಣ. ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿದರೆ ಓಡಾಡುವ ಚುಕ್ಕೆಗಳು ಕಾಣುತ್ತವೆ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದರೆ ಅರ್ಧ ಹೋಗುತ್ತವೆ. ಉಳಿದಿದ್ದಕ್ಕೆ, ಮತ್ತೆ ಹಿಟ್ಟು ತಿಗಣೆಗೂ, ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು. ಸಂಜೆ ಹೊಡೆಯಿರಿ, ಬಿಸಿಲಲ್ಲಿ ಬೇಡ.

ಆಷಾಢದ ಗಾಳಿಗೆ ಟೆರೇಸಿನ ಪಾಟು ಉರುಳುತ್ತದೆ. ಉರುಳಿದರೆ ಮೊದಲು ಮುರಿಯುವುದು ಕುಡಿಯೇ. ಸುತ್ತ ನಾಲ್ಕು ಸಿಮೆಂಟ್ ಬ್ಲಾಕ್ ಒತ್ತರಿಸಿ ಇಟ್ಟಿದ್ದೇವೆ. ದೀಪಾವಳಿಗೆ ನಮ್ಮನೆಯವರು ಸೀರಿಯಲ್ ಸೆಟ್ ಹಾಕಿದರು, ಎಲ್‌ಇಡಿ ಆದ್ದರಿಂದ ನಾನು ಸುಮ್ಮನಿದ್ದೆ. ಬಿಗಿಯಾಗಿ ಸುತ್ತಬಾರದು, ಕೊಂಬೆಯ ಮೇಲೆ ಇಳಿಬಿಟ್ಟರೆ ಸಾಕು. ಡಿಸೆಂಬರಿನಲ್ಲಿ ಬಂಗಾರದ ಸ್ಪ್ರೇ ಹೊಡೆದ ಗಿಡಗಳನ್ನು ಫುಟ್‌ಪಾತಿನಲ್ಲಿ ಮಾರುತ್ತಾರಲ್ಲ, ಅದರ ಕಡೆ ತಿರುಗಿಯೂ ನೋಡಬೇಡಿ. ಬಣ್ಣ ಬಿದ್ದ ಎಲೆಗೆ ಬೆಳಕೂ ಇಲ್ಲ, ಉಸಿರೂ ಇಲ್ಲ. ಆ ತಿಂಗಳು ರೇಟೂ ಏರಿರುತ್ತದೆ. ಕೊಳ್ಳುವುದಾದರೆ ಜೂನ್ ಜುಲೈ ಒಳ್ಳೆಯದು, ಮಳೆಯಲ್ಲಿ ಬೇರು ಹಿಡಿಯುತ್ತದೆ, ಚೌಕಾಸಿಗೂ ಜಾಗ ಇರುತ್ತದೆ.

ಇನ್ನು ನರ್ಸರಿಯ ಸರ್ವಿಸ್. ಮಾಲಿಯ ಕೂಲಿ, ಮಣ್ಣು, ಗೊಬ್ಬರ ಸೇರಿ ₹600 ತೆಗೆದುಕೊಂಡರು. ಪಾಟು ಬೇರೆ. ಕೆಲಸ ಚೊಕ್ಕ. ಹುಡುಗ ಹಳೆಯ ಕವರನ್ನು ಎಳೆದು ಕೀಳಲಿಲ್ಲ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದ, ಬೇರಿನ ಉಂಡೆ ಒಡೆಯಲಿಲ್ಲ. ಕೆಳಗೆ ಬಿದ್ದ ಮಣ್ಣನ್ನೂ ಗುಡಿಸಿ ಹೋದ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ ಎಂದವನು ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಫೋನ್ ಎತ್ತಲಿಲ್ಲ. ನಾನು ಅರ್ಧ ದಿನ ರಜೆ ಹಾಕಿದ್ದೆ, ಅದು ದಂಡವಾಯಿತು. ತಂದ ಪಾಟಿನ ಬಾಯಿ ಒಂದು ಕಡೆ ಚಕ್ಕೆ ಎದ್ದಿತ್ತು. ಬದಲಿಸಿ ಕೊಡಿ ಎಂದರೆ "ಗೋಡೆ ಕಡೆ ತಿರುಗಿಸಿ ಇಡಿ ಅಕ್ಕ" ಎಂದ. ವಾರಕ್ಕೊಮ್ಮೆ ತಿರುಗಿಸಬೇಕಾದ ಗಿಡಕ್ಕೆ ಈ ಸಲಹೆ! ಬಿಲ್ಲು ಕೇಳಿದರೆ ಯಜಮಾನರು ನಗುತ್ತಾರೆ. ಇವೆಲ್ಲ ಚಿಕ್ಕ ವಿಷಯ ಎನ್ನುವವರು ರಜೆ ಹಾಕಿ ಕಾದು ನೋಡಲಿ.

ಒಂದು ವಿಷಯಕ್ಕೆ ಮಾತ್ರ ಪೂರ್ತಿ ಅಂಕ. ಕಳೆದ ಬೇಸಿಗೆಯಲ್ಲಿ ಕೆಳಗಿನ ಸ್ಟೆಪ್ಪಿನ ಒಂದು ಕೊಂಬೆಯ ತುದಿ ಕಂದಾಗಿತ್ತು. ಫೋಟೋ ತೋರಿಸಲು ಹೋದೆ. ಬೇರೆಯವರಾಗಿದ್ದರೆ ಒಂದು ಬಾಟಲಿ ಔಷಧಿ ಕೈಗೆ ಕೊಟ್ಟಿರುತ್ತಿದ್ದರು. ಇವರು ಫೋಟೋ ದೊಡ್ಡದು ಮಾಡಿ ನೋಡಿ, "ಪಾಟ್ ಯಾವ ಗೋಡೆ ಪಕ್ಕ ಇದೆ?" ಎಂದು ಕೇಳಿದರು. ಪಶ್ಚಿಮದ ಗೋಡೆ, ಬಿಳಿ ಬಣ್ಣ. ಆ ಗೋಡೆಯ ಕಾವು ಕೊಂಬೆಗೆ ತಾಗುತ್ತಿದೆ, ಒಂದು ಅಡಿ ಈಚೆಗೆ ಎಳೆಯಿರಿ, ಔಷಧಿ ಬೇಡ ಎಂದರು. ಎಳೆದೆವು. ಕಂದು ಅಲ್ಲಿಗೇ ನಿಂತಿತು.

ಗಿಡಕ್ಕೆ ಐದಕ್ಕೆ ನಾಲ್ಕೂವರೆ. ನರ್ಸರಿಗೆ ನಾಲ್ಕು. ಮನೆಗೆ ಬಂದು ಮಾಡುವ ಸರ್ವಿಸ್‌ಗೆ ಮೂರು, ಅದೂ ಹುಡುಗನ ಕೈ ಚೆನ್ನಾಗಿದೆ ಎಂದು. ಆಪಿನವರಿಗೆ ಒಂದೂ ಇಲ್ಲ.

ಟೆರೇಸು ಅಥವಾ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ತೆಗೆದುಕೊಳ್ಳಿ. ಹೂವು ಬೇಕು, ಬೇಗ ಬೆಳೆಯಬೇಕು, ಕತ್ತರಿಸಿ ಆಕಾರ ಕೊಡಬೇಕು ಎನ್ನುವವರಿಗೆ ಇದು ಹೊಂದುವುದಿಲ್ಲ. ಅವರು ಗೋಲ್ಡನ್ ಸೈಪ್ರೆಸ್ಸೋ, ನರ್ಸರಿಯವರು ಮೋರ್‌ಪಂಖಿ ಎನ್ನುವ ಗಿಡವನ್ನೋ ನೋಡಲಿ, ಅವು ಕತ್ತರಿಗೆ ಬಗ್ಗುತ್ತವೆ. ಯಜಮಾನರದು ತಿಗಳರ ಮನೆ, ಕರಗದ ದಿನಗಳಲ್ಲಿ ಅಂಗಡಿ ತೆರೆಯುವುದಿಲ್ಲ. ಚೈತ್ರ ಹುಣ್ಣಿಮೆಯ ಆಸುಪಾಸು ಹೋಗಿ ಬಾಗಿಲು ನೋಡಿ ವಾಪಸ್ ಬರಬೇಡಿ. ಭಾನುವಾರ ಬೆಳಿಗ್ಗೆ ಎಂಟರ ಒಳಗೆ ಹೋದರೆ ಅವರೇ ಇರುತ್ತಾರೆ, ಗಿಡ ಎಳೆದು ತೋರಿಸುವ ಪುರುಸೊತ್ತೂ ಇರುತ್ತದೆ. ಹತ್ತರ ಮೇಲೆ ಮಗ ಕೂರುತ್ತಾನೆ, ಅವನು ಆರಡಿಯದ್ದನ್ನೇ ತೋರಿಸುತ್ತಾನೆ.